ಜಾರ್ಜ್: ಬೇಸಾಯಗಾರನ ಹೆಸರು

ದೀಕ್ಷಾಸ್ನಾನದ ವೇಳೆ ಮಗುವಿಗೆ ಜಾರ್ಜ್ ಎಂದು ಹೆಸರಿಡುವ ತಂದೆತಾಯಿಗಳಲ್ಲಿ ಹಲವರು ಅದನ್ನು ಆಂಗ್ಲರ ಹೆಸರೆಂದೇ ತಿಳಿದಿರುತ್ತಾರೆ. ವಾಸ್ತವದಲ್ಲಿ ಅದು ಅಪ್ಪಟ ಗ್ರೀಕ್ ನಾಮಧೇಯ, ಗೆಯೋರ್ಗಿಯೋಸ್. ಆ ಭಾಷೆಯಲ್ಲಿ ‘ಗೇ’ ಎಂದರೆ ಭೂಮಿ, ‘ಎರ್ಗೋನ್’ ಎಂದರೆ ಕೆಲಸ. ಎರಡೂ ಕೂಡಿದ ‘ಗೆಯೋರ್ಗೋಸ್’ ಬೇಸಾಯಗಾರ, ನಮ್ಮ ಮಲ್ಲಿಪಟ್ಟಣದ ಕಡೆಯ ಮಾತಿನಲ್ಲಿ ಆರಂಬಗಾರ. (ಹೊಲದಲ್ಲಿ ದುಡಿಯುವುದನ್ನು ನಾವು ‘ಗೇಯುವುದು’ ಎನ್ನುತ್ತೇವೆ. ಅದಕ್ಕೂ ಗ್ರೀಕರ ‘ಗೇ’ಗೂ ನಂಟಿಲ್ಲ, ಕಿವಿಗೆ ಹಿತವಾದ ಆಕಸ್ಮಿಕವಷ್ಟೆ.) ಯೊವಾನ್ನರ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ತಮ್ಮನ್ನು ದ್ರಾಕ್ಷಾಬಳ್ಳಿಗೂ ಪಿತನನ್ನು ಅದರ ತೋಟಗಾರನಿಗೂ ಹೋಲಿಸುವಾಗ ಗ್ರೀಕ್ ಮೂಲದಲ್ಲಿರುವ ಪದವೂ ಇದೇ.

ಆದರೆ ಈ ಹೆಸರನ್ನು ಜಗತ್ತಿಗೆ ಹರಡಿದವನು ರೈತನಲ್ಲ, ಸೈನಿಕ. ಡಯೋಕ್ಲೀಷಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ, ಸುಮಾರು 303ರಲ್ಲಿ, ಪ್ಯಾಲೆಸ್ತೀನಿನ ಲಿದ್ದಾದಲ್ಲಿ ಪ್ರಾಣತೆತ್ತನೆಂದು ಪರಂಪರೆ ನಂಬುವ ಸಂತ ಜಾರ್ಜ್. ಘಟಸರ್ಪವನ್ನು ಕೊಂದ ಕಥೆ ಅವನಿಗೆ ಅಂಟಿಕೊಂಡದ್ದು ಶತಮಾನಗಳ ತರುವಾಯ. ಚಿತ್ರಗಳಲ್ಲಿ ನಾವು ಕಾಣುವುದು ಆ ಕಥೆಯನ್ನೇ ಹೊರತು ರಕ್ತಸಾಕ್ಷಿಯನ್ನಲ್ಲ. ಕೇರಳದಿಂದ ಬಂದು ನಮ್ಮ ಜಿಲ್ಲೆಯಲ್ಲಿ ನೆಲೆಸಿದ ವರ್ಗೀಸರ ಹೆಸರೂ ಸಿರಿಯಾಕ್ ಭಾಷೆಯ ಮೂಲಕ ಹಾದುಬಂದ ಇದೇ ಜಾರ್ಜ್.

ಸೈನಿಕನ ಬಳಿಕ ಅರಸರು. 1714ರಿಂದ 1830ರವರೆಗೆ ಬ್ರಿಟನ್ನಿನ ಸಿಂಹಾಸನದಲ್ಲಿ ಒಬ್ಬರ ನಂತರ ಒಬ್ಬರಂತೆ ನಾಲ್ವರು ಜಾರ್ಜರು ಕುಳಿತರು. ಮುಂದೆ ಬಂದ ಐದನೆಯ ಜಾರ್ಜನ ಹುಟ್ಟುಹಬ್ಬ ಜೂನ್ 3. 1930ರಲ್ಲಿ ಅದೇ ದಿನ ಮಂಗಳೂರಿನ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿದ ಮಗುವಿಗೆ, ಆ ದೊರೆಯ ಅಭಿಮಾನಿಯಾಗಿದ್ದ ತಾಯಿ ಅವನ ಹೆಸರನ್ನೇ ಇಟ್ಟರು. ಪಾದ್ರಿಯಾಗಲೆಂದು ಬೆಂಗಳೂರಿನ ಗುರುಮಠಕ್ಕೆ ಸೇರಿ, ಅಲ್ಲಿಂದ ಹೊರಬಂದು, 1974ರ ರೈಲ್ವೆ ಮುಷ್ಕರವನ್ನು ಮುನ್ನಡೆಸಿದ ಜಾರ್ಜ್ ಫರ್ನಾಂಡಿಸ್ ಅವರು. ದೊರೆಯ ಹೆಸರು ಕೂಲಿಕಾರರ ಪಾಲಿಗೆ ಬಂದ ಬಗೆಯಿದು. ಮೂಲಾರ್ಥಕ್ಕೆ ಇದು ಹತ್ತಿರವೆಂದೇ ನನಗನ್ನಿಸುತ್ತದೆ.

ಹಾಸನ ಸೀಮೆಯ ನಮಗೆ ಮುಖ್ಯವಾದದ್ದು ಇದಕ್ಕೂ ಹಿಂದಿನ ಸಂಗತಿ. ಮೂರನೆಯ ಜಾರ್ಜನಿಗೆ ಕೃಷಿಯಲ್ಲಿ ಅಪಾರ ಆಸಕ್ತಿ. ಪ್ರಜೆಗಳು ಅವನನ್ನು ‘ರೈತ ಜಾರ್ಜ್’ ಎಂದು ಹಾಸ್ಯ ಮಾಡುತ್ತಿದ್ದರು. ಹೆಸರಿನ ಅರ್ಥ ಅಷ್ಟರಮಟ್ಟಿಗೆ ಅವನಿಗೆ ಒಪ್ಪುತ್ತಿತ್ತು. ಆದರೆ ಅವನ ಆಳ್ವಿಕೆಯಲ್ಲಿಯೇ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಸುಲ್ತಾನ ಮಡಿದನು. ಮುತ್ತಿಗೆಯ ಸೇನೆಯ ದಂಡನಾಯಕನೂ ಒಬ್ಬ ಜಾರ್ಜ್, ಜನರಲ್ ಜಾರ್ಜ್ ಹ್ಯಾರಿಸ್. ಬೇಸಾಯಗಾರನೆಂಬ ಅರ್ಥದ ಹೆಸರು ಮೈಸೂರು ಸೀಮೆಗೆ ಫಿರಂಗಿಗಳೊಡನೆ ಬಂದದ್ದು ಹೀಗೆ.

ಆ ಯುದ್ಧದ ಬೆನ್ನಲ್ಲೇ, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದವರು ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಅವರ ಹೆಸರು ಜಾನ್ ಆಂತ್ವಾನ್, ಜಾರ್ಜ್ ಅಲ್ಲ. ಬಡತನದಲ್ಲಿ ಬೆಂದಿದ್ದ ಜನರಿಗೆ ಉಪದೇಶವೊಂದೇ ಸಾಲದೆಂದು ಅರಿತ ಅವರು ಹಾಸನದ ಬಳಿಯ ಸಾತಳ್ಳಿಯಲ್ಲಿ ಅವರನ್ನು ಒಕ್ಕಲುತನಕ್ಕೆ ಹಚ್ಚಿ ನೆಲೆಗೊಳಿಸಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲೂ ಶ್ರಮಿಸಿದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಪ್ರಕಟವಾದ ಅವರ ಪತ್ರಗಳಲ್ಲಿ ಭಾರತದಲ್ಲಿ ಧರ್ಮಪ್ರಸಾರದ ಭವಿಷ್ಯದ ಬಗ್ಗೆ ತೀವ್ರ ನಿರಾಶೆಯೇ ತುಂಬಿದೆ. ತಮ್ಮ ಬೋಧನೆ ಫಲಿಸಲಿಲ್ಲವೆಂದು ನಂಬಿಯೇ ಅವರು ಹೋದರು. ಅವರು ನೆಲೆಗೊಳಿಸಿದ ಕುಟುಂಬಗಳು ಮಾತ್ರ ಸಾತಳ್ಳಿಯ ನೆಲದಲ್ಲಿ ಉಳುತ್ತಲೇ ಉಳಿದವು.