ಕಚೇರಿ ದೂರವಾಣಿ ಜಾಲದಲ್ಲಿ ಫರ್ಮ್‌ವೇರ್ ಉನ್ನತೀಕರಣ: ತಿಳಿದಿರಬೇಕಾದ ಸಂಗತಿಗಳು

ಕಚೇರಿಯ ಮೇಜಿನ ಮೇಲಿರುವ ದೂರವಾಣಿ ಯಂತ್ರ, ಇಪಿಎಬಿಎಕ್ಸ್ ಎಂದೇ ಪರಿಚಿತವಾದ ಆಂತರಿಕ ವಿನಿಮಯ ಕೇಂದ್ರ, ಹೊರಜಾಲಕ್ಕೆ ಸೇತುವೆಯಾಗುವ ಗೇಟ್‌ವೇ, ಇವುಗಳಿಗೆಲ್ಲ ವಿದ್ಯುತ್ತನ್ನೂ ದತ್ತಾಂಶವನ್ನೂ ಹಂಚುವ ಸ್ವಿಚ್ ಈ ನಾಲ್ಕೂ ಇಂದು ವಸ್ತುತಃ ಗಣಕಗಳೇ ಆಗಿವೆ. ಈ ಗಣಕಗಳು ಎಚ್ಚರಗೊಂಡ ಕ್ಷಣದಿಂದ ಏನು ಮಾಡಬೇಕೆಂಬುದನ್ನು ನಿರ್ದೇಶಿಸುವ, ಯಂತ್ರದೊಳಗೇ ನೆಲೆಸಿರುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಈ ಪದವನ್ನು 1967ರಲ್ಲಿ ಆಷರ್ ಓಪ್ಲರ್ ಎಂಬ ಗಣಕತಜ್ಞರು ಮೊದಲಿಗೆ ಬಳಸಿದರು. ಗಡಸು ಯಂತ್ರಾಂಶಕ್ಕೂ ಮೃದು ತಂತ್ರಾಂಶಕ್ಕೂ ನಡುವಿನದು ಎಂಬುದು ಅದರ ಇಂಗಿತ. ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಈ ತಂತ್ರಾಂಶ ಸುದ್ದಿಯಾಗುವುದು ದೂರವಾಣಿ ಮೂಕವಾದಾಗ ಮಾತ್ರ.

ಚಿಪ್ಪು ಬದಲಿಸುತ್ತಿದ್ದ ದಿನಗಳು

ದೇಶೀಯ ವಿದ್ಯುನ್ಮಾನ ವಿನಿಮಯ ಕೇಂದ್ರಗಳ ಕಥೆಯಲ್ಲಿ ಕರ್ನಾಟಕಕ್ಕೆ ಗಣ್ಯ ಸ್ಥಾನವಿದೆ. 1984ರಲ್ಲಿ ಸ್ಥಾಪನೆಗೊಂಡ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಮಾರ್ಗಗಳ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ಮೊದಲು ಕಾರ್ಯಾರಂಭ ಮಾಡಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣದ ಹಂಗಿಲ್ಲದೆ, ಹಳ್ಳಿಯ ಧೂಳು ಮತ್ತು ಸೆಕೆಯನ್ನು ತಾಳಿಕೊಂಡು ದುಡಿಯಬೇಕೆಂಬುದೇ ಅದರ ವಿನ್ಯಾಸದ ಆಶಯವಾಗಿತ್ತು.

ಆ ಕಾಲದ ಕಚೇರಿ ಯಂತ್ರಗಳಲ್ಲಿ ಫರ್ಮ್‌ವೇರ್ ಇಪಿರಾಮ್ ಎಂಬ ಚಿಪ್ಪಿನಲ್ಲಿರುತ್ತಿತ್ತು. ಅದನ್ನು ಅಳಿಸಲು ನೆತ್ತಿಯ ಗಾಜಿನ ಕಿಟಕಿಯ ಮೂಲಕ ನೇರಳಾತೀತ ಬೆಳಕು ಹಾಯಿಸಬೇಕಿತ್ತು. ಹೊಸ ಆವೃತ್ತಿ ಬಂದಾಗ ತಂತ್ರಜ್ಞರು ಚಿಪ್ಪನ್ನು ಜೇಬಿನಲ್ಲಿಟ್ಟುಕೊಂಡು ಬಂದು, ಯಂತ್ರ ಆರಿಸಿ, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ ಹೋಗುತ್ತಿದ್ದರು. ಗ್ರಾಹಕರ ಸಂಖ್ಯಾವಿನ್ಯಾಸ, ಹೊರಕರೆಯ ನಿರ್ಬಂಧ ಮುಂತಾದ ಸಿದ್ಧತೆಗಳು ಮಾತ್ರ ಬ್ಯಾಟರಿಯ ಆಸರೆಯಿರುವ ಬೇರೊಂದು ಸ್ಮೃತಿಯಲ್ಲಿ ಉಳಿಯುತ್ತಿದ್ದವು. ಹೊಸ ಚಿಪ್ಪಿಗೆ ಹಳೆಯ ಸ್ಮೃತಿಯ ವಿನ್ಯಾಸ ಅರ್ಥವಾಗದಿದ್ದರೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ತುಂಬಬೇಕಾಗುತ್ತಿತ್ತು. ಇಂದು ಚಿಪ್ಪಿನ ಸ್ಥಾನವನ್ನು ಫ್ಲ್ಯಾಷ್ ಸ್ಮೃತಿ ಆಕ್ರಮಿಸಿದೆ, ತಂತ್ರಜ್ಞರ ಪಯಣದ ಬದಲಿಗೆ ಜಾಲವೇ ಕಡತವನ್ನು ಹೊತ್ತು ತರುತ್ತದೆ. ಆದರೆ ಹಳೆಯ ಸಿದ್ಧತೆಗಳನ್ನು ಹೊಸ ಆವೃತ್ತಿ ಒಪ್ಪೀತೇ ಎಂಬ ಪ್ರಶ್ನೆ ಅಂದಿನಂತೆ ಇಂದಿಗೂ ಇದೆ.

ಏಕೆ ಮಾಡಬೇಕು?

ಸರಿಯಾಗಿ ಕೆಲಸ ಮಾಡುತ್ತಿರುವ ಯಂತ್ರವನ್ನು ಮುಟ್ಟಬಾರದೆಂಬ ವಾದ ಕಚೇರಿಗಳಲ್ಲಿ ಪ್ರಬಲವಾಗಿದೆ. ವಾದದಲ್ಲಿ ತಥ್ಯವಿಲ್ಲದಿಲ್ಲ, ಆದರೆ ಅದು ಅರ್ಧಸತ್ಯ. 2019ರ ಆಗಸ್ಟ್‌ನಲ್ಲಿ ಮ್ಯಾಕಫಿ ಸಂಸ್ಥೆಯ ಸಂಶೋಧಕರು ಅವಾಯಾ ಕಂಪನಿಯ 9600 ಶ್ರೇಣಿಯ ಮೇಜು ದೂರವಾಣಿಗಳಲ್ಲಿ ಗಂಭೀರ ಲೋಪವೊಂದನ್ನು ಪ್ರಕಟಿಸಿದರು. ಯಂತ್ರಕ್ಕೆ ಜಾಲದ ವಿಳಾಸ ಕೇಳಿ ತರುವ ಡಿಎಚ್‌ಸಿಪಿ ಭಾಗದಲ್ಲಿ ಅಡಗಿದ್ದ ಈ ಲೋಪ 2009ರಲ್ಲಿಯೇ ಪತ್ತೆಯಾಗಿ, ಮೂಲ ಮುಕ್ತ ತಂತ್ರಾಂಶದಲ್ಲಿ ಆಗಲೇ ಸರಿಪಡಿಸಲ್ಪಟ್ಟಿತ್ತು. ದೂರವಾಣಿಯೊಳಗೆ ನಕಲಾಗಿದ್ದ ಪ್ರತಿಗೆ ಮಾತ್ರ ಆ ತಿದ್ದುಪಡಿ ಹತ್ತು ವರ್ಷ ತಲುಪಿರಲಿಲ್ಲ. ಅದೇ ಜಾಲದೊಳಗೆ ಹೊಕ್ಕವರು ದೂರವಾಣಿಯನ್ನು ವಶಪಡಿಸಿಕೊಂಡು ಮಾತನ್ನು ಕದ್ದಾಲಿಸಲು ಇದರಿಂದ ಸಾಧ್ಯವಿತ್ತು. ಕಂಪನಿಯು ಅದೇ ವರ್ಷದ ಜೂನ್ 25ರಂದು ಪರಿಷ್ಕೃತ ಫರ್ಮ್‌ವೇರ್ ಹೊರತಂದಿತು. ಗಮನಿಸಬೇಕಾದುದೆಂದರೆ ಲೋಪವಿದ್ದುದು ಎಚ್.323 ಮಾದರಿಯ ಫರ್ಮ್‌ವೇರ್‌ನಲ್ಲಿ. ಎಸ್‌ಐಪಿ ಮಾದರಿಯದು ಸುರಕ್ಷಿತವಾಗಿತ್ತು. ಒಂದೇ ಯಂತ್ರ, ಎರಡು ಫರ್ಮ್‌ವೇರ್, ಎರಡು ಹಣೆಬರಹ. ಆದ್ದರಿಂದ ಯಂತ್ರದ ಮಾದರಿಸಂಖ್ಯೆಯಷ್ಟನ್ನೇ ಬರೆದಿಟ್ಟುಕೊಂಡ ದಾಖಲೆ ಅಪೂರ್ಣ. ಅದರೊಳಗೆ ನಡೆಯುತ್ತಿರುವ ಆವೃತ್ತಿಯೂ ದಾಖಲಾಗಬೇಕು.

ಕಡತ ತಲುಪುವ ಬಗೆ

ಜಾಲಾಧಾರಿತ ದೂರವಾಣಿಯು ವಿದ್ಯುತ್ ದೊರೆತೊಡನೆ ಮೊದಲು ತನ್ನ ಧ್ವನಿಜಾಲವನ್ನು ಗುರುತಿಸಿಕೊಳ್ಳುತ್ತದೆ, ಅನಂತರ ವಿಳಾಸ ಬೇಡುತ್ತದೆ. ವಿಳಾಸದೊಂದಿಗೇ ಕಡತಗಳ ಸರ್ವರ್ ಎಲ್ಲಿದೆ ಎಂಬ ಸೂಚನೆಯೂ ಬರುತ್ತದೆ. ಡಿಎಚ್‌ಸಿಪಿಯ 66ನೆಯ ಆಯ್ಕೆ, ಸಿಸ್ಕೋ ಯಂತ್ರಗಳಲ್ಲಿ 150ನೆಯ ಆಯ್ಕೆ ಈ ಕಾರ್ಯಕ್ಕೆ ಮೀಸಲು. ಸರ್ವರ್ ಹೇಳುವ ಆವೃತ್ತಿಯೂ ತನ್ನಲ್ಲಿರುವ ಆವೃತ್ತಿಯೂ ಬೇರೆಯಾಗಿದ್ದರೆ ದೂರವಾಣಿ ಯಾರನ್ನೂ ಕೇಳದೆ ಹೊಸದನ್ನು ಇಳಿಸಿಕೊಳ್ಳತೊಡಗುತ್ತದೆ.

ಇಳಿಸಿಕೊಳ್ಳುವ ವಿಧಾನಗಳಲ್ಲಿ ಹಳೆಯದೂ ಈಗಲೂ ಬಳಕೆಯಲ್ಲಿರುವುದೂ ಟಿಎಫ್‌ಟಿಪಿ. 1992ರ ಅದರ ನಿರೂಪಣೆಯಂತೆ ಕಡತವು 512 ಬೈಟ್‌ಗಳ ತುಣುಕುಗಳಾಗಿ ಸಾಗುತ್ತದೆ. ಒಂದು ತುಣುಕು ತಲುಪಿತೆಂಬ ಉತ್ತರ ಬಂದ ಹೊರತು ಮುಂದಿನದು ಹೊರಡುವುದಿಲ್ಲ. ಈ ಸರಳತೆಯ ಬೆಲೆ ಶಾಖಾ ಕಚೇರಿಗಳಲ್ಲಿ ಅರಿವಾಗುತ್ತದೆ. 10 ಎಂಬಿ ಗಾತ್ರದ ಫರ್ಮ್‌ವೇರ್ ಎಂದರೆ ಸುಮಾರು 20,480 ತುಣುಕುಗಳು. ಸರ್ವರ್ ಅದೇ ಕಟ್ಟಡದಲ್ಲಿದ್ದು, ಹೋಗಿಬರಲು ಒಂದು ಮಿಲಿಸೆಕೆಂಡ್ ಸಾಕಾದರೆ ಕೆಲಸ 20 ಸೆಕೆಂಡಿನಲ್ಲಿ ಮುಗಿಯುತ್ತದೆ. ಸರ್ವರ್ ದೂರದ ನಗರದಲ್ಲಿದ್ದು, ಹೋಗಿಬರಲು 50 ಮಿಲಿಸೆಕೆಂಡ್ ಹಿಡಿದರೆ ಅದೇ ಕಡತಕ್ಕೆ 17 ನಿಮಿಷ ಬೇಕು, ಮಾರ್ಗ ಎಷ್ಟೇ ವಿಶಾಲವಾಗಿದ್ದರೂ ಸರಿಯೆ. ಆ ಹದಿನೇಳು ನಿಮಿಷ ಕಾದು ಬೇಸತ್ತ ಸಿಬ್ಬಂದಿ ಯಂತ್ರ ಕೆಟ್ಟಿತೆಂದು ತಂತಿ ಕಿತ್ತರೆ ಅನಾಹುತ ಅಲ್ಲಿಂದ ಆರಂಭ. ತುಣುಕಿನ ಗಾತ್ರವನ್ನು ಹಿಗ್ಗಿಸುವ ಸೌಲಭ್ಯ 1995ರ ನಿರೂಪಣೆಯಲ್ಲಿ ಸೇರಿತು. ಎಚ್‌ಟಿಟಿಪಿ ಮೂಲಕ ಇಳಿಸಿಕೊಳ್ಳುವ ಯಂತ್ರಗಳಿಗೆ ಈ ತೊಡಕಿಲ್ಲ. ಶಾಖೆಯ ಒಂದು ದೂರವಾಣಿ ಕಡತ ಪಡೆದು ಪಕ್ಕದ ದೂರವಾಣಿಗಳಿಗೆ ಸರಪಳಿಯಂತೆ ದಾಟಿಸುವ ವ್ಯವಸ್ಥೆಯನ್ನೂ ಸಿಸ್ಕೋ ತನ್ನ ಕೆಲವು ಮಾದರಿಗಳಲ್ಲಿ ಒದಗಿಸಿತು.

ಮೆಟ್ಟಿಲು ಹಾರಬಾರದು

ತೀರ ಹಳೆಯ ಆವೃತ್ತಿಯಿಂದ ತೀರ ಹೊಸದಕ್ಕೆ ಒಮ್ಮೆಲೇ ನೆಗೆಯಲು ಎಲ್ಲ ಯಂತ್ರಗಳೂ ಸಮರ್ಥವಲ್ಲ. ಸಿಸ್ಕೋ 7900 ಶ್ರೇಣಿಯ 7941, 7961 ಮುಂತಾದ ಮಾದರಿಗಳು ಇದಕ್ಕೆ ಪ್ರಸಿದ್ಧ ನಿದರ್ಶನ. 8.3(3)ಕ್ಕಿಂತ ಹಿಂದಿನ ಆವೃತ್ತಿಯಲ್ಲಿದ್ದ ದೂರವಾಣಿಯನ್ನು 8.5(2)ಕ್ಕಿಂತ ಹೊಸದಕ್ಕೆ ಒಯ್ಯಲು ನಡುವಿನ ಆವೃತ್ತಿಯೊಂದರಲ್ಲಿ ತಂಗಲೇಬೇಕಿತ್ತು. ತಂಗದೆ ಹೊರಟವರಿಗೆ ದೃಢೀಕರಣ ವಿಫಲವಾಯಿತೆಂಬ ಸಂದೇಶವೇ ಪ್ರಾಪ್ತಿ. ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಹೆಚ್ಚುವರಿ ಯಂತ್ರವನ್ನು ಹೊರತೆಗೆದು ಜೋಡಿಸಿದಾಗ ಈ ತೊಂದರೆ ಹೆಚ್ಚಾಗಿ ಎದುರಾಗುತ್ತದೆ, ಏಕೆಂದರೆ ಉಳಿದವು ಏರಿದ ಮೆಟ್ಟಿಲುಗಳನ್ನು ಅದು ಏರಿರುವುದಿಲ್ಲ. ಆವೃತ್ತಿಯೊಂದಿಗೆ ಬರುವ ಬಿಡುಗಡೆ ಟಿಪ್ಪಣಿಯನ್ನು ಓದುವುದು ನೀರಸ ಕಾರ್ಯ, ನಿಜ. ಆದರೆ ಇಂತಹ ನಿಯಮಗಳು ಬರೆದಿರುವುದು ಅಲ್ಲಿ ಮಾತ್ರ.

ತಯಾರಕರ ಸಹಿಯುಳ್ಳ ಫರ್ಮ್‌ವೇರ್ ಬಂದ ಬಳಿಕ ಇನ್ನೊಂದು ಬದಲಾವಣೆ ಆಯಿತು. ಸಹಿ ಪರಿಶೀಲಿಸುವ ಆವೃತ್ತಿಗೆ ಏರಿದ ಹಲವು ಯಂತ್ರಗಳು ಸಹಿಯಿಲ್ಲದ ಹಳೆಯ ಆವೃತ್ತಿಗೆ ಮರಳಲಾರವು. ಹಿಂದಿರುಗುವ ದಾರಿ ಇದೆಯೇ ಎಂಬುದನ್ನು ಹೊರಡುವ ಮುನ್ನ ತಿಳಿಯಬೇಕು.

ಸಹಿಯೊಂದೇ ಅಭಯವೂ ಅಲ್ಲ. 2023ರ ಮಾರ್ಚ್ ಕೊನೆಯಲ್ಲಿ 3ಸಿಎಕ್ಸ್ ಎಂಬ ಕಚೇರಿ ದೂರವಾಣಿ ವ್ಯವಸ್ಥೆಯ ಗಣಕ ತಂತ್ರಾಂಶದಲ್ಲಿ ದುಷ್ಟ ಸಂಕೇತ ಸೇರಿರುವುದು ಬಯಲಾಯಿತು. ದಾಳಿಕೋರರು ತಯಾರಕರ ನಿರ್ಮಾಣ ವ್ಯವಸ್ಥೆಯೊಳಗೇ ನುಸುಳಿದ್ದರಿಂದ, ಅಧಿಕೃತ ಸಹಿ ಹೊತ್ತ ಪರಿಷ್ಕರಣೆಯೇ ವಿಷವನ್ನು ಗ್ರಾಹಕರಿಗೆ ಮುಟ್ಟಿಸಿತ್ತು. ಹೊಸ ಆವೃತ್ತಿ ಬಂದ ದಿನವೇ ಎಲ್ಲೆಡೆ ಅಳವಡಿಸುವ ಉತ್ಸಾಹಕ್ಕೆ ಇದೊಂದು ತಡೆ. ಅತಿ ತುರ್ತಿನ ಸುರಕ್ಷಾ ತಿದ್ದುಪಡಿಯನ್ನು ಬಿಟ್ಟರೆ ಕೆಲವು ದಿನ ಕಾಯುವುದರಲ್ಲಿ ನಷ್ಟವಿಲ್ಲ.

ಒಂದೇ ದೋಷ, 114 ಯಂತ್ರ

ಒಮ್ಮೆಲೇ ಎಲ್ಲೆಡೆ ಅಳವಡಿಸುವುದರ ಅಪಾಯಕ್ಕೆ ದೂರವಾಣಿ ಚರಿತ್ರೆಯ ಬಹುದೊಡ್ಡ ಸಾಕ್ಷ್ಯ 1990ರ ಜನವರಿ 15ರದು. ಅಂದು ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರಕರೆಯ ಜಾಲ ಸುಮಾರು 9 ಗಂಟೆಗಳ ಕಾಲ ಕುಸಿಯಿತು. ಹಿಂದಿನ ತಿಂಗಳಷ್ಟೇ 114 ಬೃಹತ್ ಸ್ವಿಚ್‌ಗಳಿಗೂ ಒಂದೇ ಹೊಸ ತಂತ್ರಾಂಶ ಏರಿಸಲಾಗಿತ್ತು. ನ್ಯೂಯಾರ್ಕಿನ ಸ್ವಿಚ್ಚೊಂದು ಸಣ್ಣ ತೊಂದರೆಯಿಂದ ತನ್ನನ್ನು ಮರುಚಾಲನೆಗೊಳಿಸಿಕೊಂಡು, ಚೇತರಿಸಿಕೊಂಡ ಸುದ್ದಿಯನ್ನು ನೆರೆಯವಕ್ಕೆ ಕಳುಹಿಸಿತು. ಸಿ ಭಾಷೆಯ ಸಂಕೇತದಲ್ಲಿ ತಪ್ಪು ಜಾಗದಲ್ಲಿದ್ದ ಒಂದು ಬ್ರೇಕ್ ಪದದ ದೆಸೆಯಿಂದ, ಆ ಸುದ್ದಿಯ ಬೆನ್ನಿಗೇ ಕ್ಷಣಾರ್ಧದಲ್ಲಿ ಇನ್ನೊಂದು ಸಂದೇಶ ಬಂದರೆ ಕೇಳಿಸಿಕೊಂಡ ಸ್ವಿಚ್ ತಾನೂ ಮುಗ್ಗರಿಸುತ್ತಿತ್ತು. ಹೀಗೆ ಒಂದು ಮಲಗುವುದು, ಎದ್ದು ಇನ್ನೊಂದನ್ನು ಮಲಗಿಸುವುದು ದೇಶದುದ್ದಕ್ಕೂ ನಡೆಯಿತು. ಒಂದು ಸ್ವಿಚ್ ಕೆಟ್ಟರೆ ಬೇರೊಂದು ಕೈಹಿಡಿಯಲೆಂದು ಕಟ್ಟಿದ ವ್ಯವಸ್ಥೆಯಲ್ಲಿ ಕೈಹಿಡಿಯಬೇಕಾದವಕ್ಕೂ ಅದೇ ರೋಗವಿತ್ತು.

ಐವತ್ತು ದೂರವಾಣಿಗಳ ಕಚೇರಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಮೊದಲು ಒಂದು ಯಂತ್ರ, ಮರುದಿನ ಒಂದು ವಿಭಾಗ, ವಾರದ ಬಳಿಕ ಉಳಿದವು ಎಂಬ ಕ್ರಮ ಸೂಕ್ತ. ಆದರೆ ಸಿಸ್ಕೋ ಕಾಲ್ ಮ್ಯಾನೇಜರ್‌ನಂತಹ ವ್ಯವಸ್ಥೆಗಳಲ್ಲಿ ಒಂದು ಸೂಕ್ಷ್ಮವಿದೆ. ಹೊಸ ಕಡತವನ್ನು ಸರ್ವರ್‌ಗೆ ಸೇರಿಸಿದೊಡನೆ ಆ ಮಾದರಿಯ ಪೂರ್ವನಿಯೋಜಿತ ಆವೃತ್ತಿ ತಾನಾಗಿ ಬದಲಾಗಬಹುದು. ಆಗ ಆ ಮಾದರಿಯ ಪ್ರತಿ ದೂರವಾಣಿಯೂ ಮುಂದಿನ ಮರುಚಾಲನೆಯಲ್ಲಿ ಅದನ್ನೇ ಏರಿಸಿಕೊಳ್ಳುತ್ತದೆ. ರಾತ್ರಿ ವಿದ್ಯುತ್ ಹೋಗಿ ಬಂದರೆ ಬೆಳಿಗ್ಗೆಯೊಳಗೆ ಇಡೀ ಕಚೇರಿ ಹೊಸ ಆವೃತ್ತಿಯಲ್ಲಿರುತ್ತದೆ. ಪೂರ್ವನಿಯೋಜಿತ ಸ್ಥಾನದಲ್ಲಿ ಹಳೆಯ ಹೆಸರನ್ನೇ ಮರಳಿ ಬರೆದು, ಪರೀಕ್ಷೆಯ ದೂರವಾಣಿಗೆ ಮಾತ್ರ ಹೊಸ ಹೆಸರು ಕೊಡುವುದು ಅನುಭವಿಗಳ ರೂಢಿ.

ವಿದ್ಯುತ್ತಿನ ಪ್ರಶ್ನೆ

ಫ್ಲ್ಯಾಷ್ ಸ್ಮೃತಿಯಲ್ಲಿ ಹಳೆಯದು ಅಳಿದು ಹೊಸದು ಪೂರ್ಣವಾಗಿ ಬರೆಯಲ್ಪಡುವ ನಡುವೆ ವಿದ್ಯುತ್ ಕಡಿತಗೊಂಡರೆ ಯಂತ್ರ ನಿರ್ಜೀವವಾಗಬಹುದು. ಎರಡು ಪ್ರತಿಗಳಿಗೆ ಜಾಗವಿರುವ ಯಂತ್ರ ಹಳೆಯದನ್ನು ಉಳಿಸಿಕೊಂಡೇ ಹೊಸದನ್ನು ಬರೆಯುವುದರಿಂದ ಬದುಕುತ್ತದೆ. ಅಗ್ಗದ ಯಂತ್ರಗಳಲ್ಲಿ ಆ ಭಾಗ್ಯವಿಲ್ಲ. ಜಾಲತಂತಿಯಲ್ಲೇ ವಿದ್ಯುತ್ ಪಡೆಯುವ ದೂರವಾಣಿಗಳಿಗೆ ಸ್ವಿಚ್ಚೇ ಅನ್ನದಾತ. ಆದ್ದರಿಂದ ಸ್ವಿಚ್‌ನ ಉನ್ನತೀಕರಣವನ್ನೂ ದೂರವಾಣಿಗಳ ಉನ್ನತೀಕರಣವನ್ನೂ ಒಂದೇ ರಾತ್ರಿಗೆ ಇಟ್ಟುಕೊಳ್ಳುವುದು ಅವಿವೇಕ: ಸ್ವಿಚ್ ಮರುಚಾಲನೆಯಾದರೆ ಅದರ ಆಶ್ರಿತವೆಲ್ಲವೂ ಬರೆಯುತ್ತಿದ್ದ ಸಾಲಿನಲ್ಲೇ ಉಸಿರು ಬಿಡುತ್ತವೆ. ಯುಪಿಎಸ್ ಇದೆ ಎಂದಷ್ಟೇ ನೆಮ್ಮದಿ ಸಲ್ಲದು; ಅದರ ಬ್ಯಾಟರಿ ಪೂರ್ಣ ಹೊರೆಯಲ್ಲಿ ಎಷ್ಟು ನಿಮಿಷ ತಾಳುತ್ತದೆಂದು ಮೊದಲೇ ಅಳೆದಿರಬೇಕು. ಸಿಸ್ಕೋ 7941ರಂತಹ ಯಂತ್ರ ಸತ್ತಂತೆ ಕಂಡರೂ, ಹ್ಯಾಷ್ ಗುಂಡಿ ಒತ್ತಿಹಿಡಿದು ವಿದ್ಯುತ್ ಕೊಟ್ಟು, ಅನಂತರ 123456789*0# ಒತ್ತಿದರೆ ಕಾರ್ಖಾನೆಯ ಸ್ಥಿತಿಗೆ ಮರಳಿ ಚೇತರಿಸಿಕೊಳ್ಳುವ ಸಾಧ್ಯತೆ ಉಂಟು.

ಪ್ರಾಣದ ಪ್ರಶ್ನೆ

ಉನ್ನತೀಕರಣದ ಬಳಿಕ ಒಂದೆರಡು ಕರೆ ಮಾಡಿ ನೋಡಿ, ಎಲ್ಲ ಸರಿಯಿದೆಯೆಂದು ಮನೆಗೆ ಹೊರಡುವುದು ಸಾಮಾನ್ಯ ಪದ್ಧತಿ. ಆಸ್ಟ್ರೇಲಿಯಾದಲ್ಲಿ 2025ರ ಸೆಪ್ಟೆಂಬರ್ 18ರಂದು ಆಪ್ಟಸ್ ಕಂಪನಿ ಫೈರ್‌ವಾಲ್ ಉನ್ನತೀಕರಣ ನಡೆಸಿದಾಗ ಸಾಮಾನ್ಯ ಕರೆಗಳು ಎಂದಿನಂತೆ ಸಾಗುತ್ತಿದ್ದವು. ವಿಫಲವಾದದ್ದು 000 ಸಂಖ್ಯೆಯ ತುರ್ತು ಕರೆಗಳು. ನೂರಾರು ಕರೆಗಳು ತಲುಪಬೇಕಾದಲ್ಲಿ ತಲುಪಲಿಲ್ಲ. ತೊಂದರೆ ಹತ್ತು ಗಂಟೆಗಳಿಗೂ ಮೀರಿ ಮುಂದುವರಿಯಿತು, ಸಾವುಗಳೂ ಅದರೊಂದಿಗೆ ತಳಕು ಹಾಕಿಕೊಂಡವು. ಸಾಮಾನ್ಯ ಕರೆಗಳ ಸುಗಮತೆಯೇ ದೋಷವನ್ನು ಮರೆಮಾಚಿತ್ತು.

ಕಚೇರಿ ಮತ್ತು ವಸತಿಗೃಹಗಳ ಆಂತರಿಕ ವಿನಿಮಯ ಕೇಂದ್ರಗಳಲ್ಲಿ ಈ ಅಪಾಯ ಇನ್ನೂ ಸಮೀಪದ್ದು. ಅಮೆರಿಕದ ಟೆಕ್ಸಾಸ್ ರಾಜ್ಯದ ಮಾರ್ಷಲ್ ಪಟ್ಟಣದ ಮೋಟೆಲ್ ಒಂದರಲ್ಲಿ 2013ರ ಡಿಸೆಂಬರ್‌ನಲ್ಲಿ ಕ್ಯಾರಿ ಹಂಟ್ ಎಂಬ ಮಹಿಳೆಯ ಕೊಲೆಯಾಯಿತು. ಕೋಣೆಯಲ್ಲಿದ್ದ ಆಕೆಯ ಮಗಳು, ಕಲಿಸಿಕೊಟ್ಟಿದ್ದಂತೆ, ನಾಲ್ಕು ಬಾರಿ 911 ಒತ್ತಿದಳು. ಹೊರಮಾರ್ಗ ಪಡೆಯಲು ಮೊದಲು 9 ಒತ್ತಬೇಕಿತ್ತೆಂಬುದು ಮಗುವಿಗೆ ತಿಳಿದಿರಲಿಲ್ಲ. ಆ ಮಹಿಳೆಯ ಹೆಸರಿನಲ್ಲೇ 2018ರಲ್ಲಿ ಅಲ್ಲಿ ಕಾನೂನು ರೂಪುಗೊಂಡಿತು. ಹೊಸ ವ್ಯವಸ್ಥೆಗಳಲ್ಲಿ ಪೂರ್ವಸಂಖ್ಯೆಯಿಲ್ಲದೆ ನೇರವಾಗಿ 911 ಒತ್ತಲು ಸಾಧ್ಯವಿರಬೇಕೆಂಬ ನಿಯಮ 2020ರ ಫೆಬ್ರವರಿಯಿಂದ ಜಾರಿಗೆ ಬಂದಿತು.

ನಮ್ಮ ಕಡೆ ತುರ್ತು ಸಂಖ್ಯೆ 112, ಆಂಬುಲೆನ್ಸಿಗೆ 108. ವಸತಿಗೃಹದ ಮೊದಲ ಅಂತಸ್ತಿನಲ್ಲಿ ಇವೆರಡೂ ಕೋಣೆಯ ಸಂಖ್ಯೆಗಳೂ ಆಗಿರುತ್ತವೆಂಬುದು ವಿಪರ್ಯಾಸ. ಕೋಣೆಸಂಖ್ಯೆಯೇ ಆಂತರಿಕ ದೂರವಾಣಿ ಸಂಖ್ಯೆಯಾದಲ್ಲಿ, ಎದೆನೋವಿನಿಂದ 108 ಒತ್ತಿದ ಅತಿಥಿಗೆ ಪಕ್ಕದ ಕೋಣೆಯ ಗಂಟೆ ಕೇಳಿಸೀತು. ಜಾಣ ತಂತ್ರಜ್ಞರು ಈ ಸಂಖ್ಯೆಗಳನ್ನು ಬಿಟ್ಟು ಸಂಖ್ಯಾವಿನ್ಯಾಸ ಮಾಡಿರುತ್ತಾರೆ. ಆದರೆ ಉನ್ನತೀಕರಣದಲ್ಲಿ ವಿನ್ಯಾಸ ಅಳಿಸಿಹೋಗಿ ಕಾರ್ಖಾನೆಯ ಮೂಲಸ್ಥಿತಿ ಮರಳಿದರೆ ಆ ಜಾಣ್ಮೆಯೂ ಅಳಿಯುತ್ತದೆ. ಅದರೊಂದಿಗೆ ಮೂಲ ಗುಪ್ತಪದವೂ ಮರಳಿ ಬಂದು, ಅನ್ಯರು ಕಂಪನಿಯ ಖರ್ಚಿನಲ್ಲಿ ವಿದೇಶಕ್ಕೆ ಕರೆ ಮಾಡುವ ಬಾಗಿಲು ತೆರೆಯುತ್ತದೆ.

ಆದಕಾರಣ ಪರೀಕ್ಷೆಯ ಪಟ್ಟಿ ಉನ್ನತೀಕರಣದ ಮುನ್ನವೇ ಲಿಖಿತವಾಗಿರಬೇಕು. ಒಳಕರೆ, ಹೊರಕರೆ, ಒಳಬರುವ ಕರೆ, ಕರೆ ವರ್ಗಾವಣೆ, ಫ್ಯಾಕ್ಸ್ ಇದ್ದರೆ ಅದು, ಬಾಗಿಲಿನ ದೂರವಾಣಿ, ಲಿಫ್ಟ್‌ನೊಳಗಿನ ದೂರವಾಣಿ ಇವೆಲ್ಲ ಅದರಲ್ಲಿ ಬರಬೇಕು. ಲಿಫ್ಟ್‌ನದನ್ನು ಮರೆಯುವವರೇ ಹೆಚ್ಚು. ತುರ್ತು ಸಂಖ್ಯೆಯ ಮಾರ್ಗವನ್ನು ಮೊದಲು ಸಂಖ್ಯಾವಿನ್ಯಾಸದಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು. ಕರೆ ಮಾಡಿಯೇ ನೋಡಬೇಕಾದರೆ ಇದು ಪರೀಕ್ಷೆಯೆಂದು ಉತ್ತರಿಸಿದವರಿಗೆ ಕೂಡಲೇ ತಿಳಿಸಿ ಮುಗಿಸಬೇಕು. ಯಂತ್ರದ ಗಡಿಯಾರವನ್ನೂ ನೋಡತಕ್ಕದ್ದು. ಸಮಯ ತಪ್ಪಿದರೆ ಪ್ರಮಾಣಪತ್ರಗಳ ಪರಿಶೀಲನೆ ಸೋಲುತ್ತದೆ, ಕರೆದಾಖಲೆಗಳು ನಿರುಪಯುಕ್ತವಾಗುತ್ತವೆ. ಸೈಬರ್ ಘಟನೆಗಳನ್ನು ಅರಿವಿಗೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಕಾಯ್ದಿಡಬೇಕು ಎಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಹಿನ್ನೆಲೆಯಲ್ಲಿ ಗಡಿಯಾರದ ಮಹತ್ವ ಹೆಚ್ಚಿದೆ.

ಆಶ್ರಯ ತಪ್ಪಿದ ಯಂತ್ರಗಳು

ತಯಾರಕರೇ ಇಲ್ಲವಾದ ಯಂತ್ರಗಳದು ಬೇರೆಯೇ ಪಾಡು. ಕೆನಡಾದ ನಾರ್ಟೆಲ್ 2009ರ ಜನವರಿಯಲ್ಲಿ ದಿವಾಳಿಯಾದಾಗ ಅದರ ಕಚೇರಿ ದೂರವಾಣಿ ವಿಭಾಗವನ್ನು ಅದೇ ವರ್ಷ ಅವಾಯಾ ಕೊಂಡಿತು. ಆ ಅವಾಯಾ ಕೂಡ 2017ರಲ್ಲಿ ಮತ್ತು 2023ರಲ್ಲಿ ದಿವಾಳಿ ರಕ್ಷಣೆ ಕೋರಿತು. ಹೀಗೆ ಕೈಬದಲಾಗುವಾಗ ಹಳೆಯ ಕಡತಗಳಿದ್ದ ತಾಣಗಳು ಕಣ್ಮರೆಯಾಗುವುದುಂಟು. ಹುಡುಕುವವರು ಅನಾಮಧೇಯ ತಾಣಗಳಿಂದ ಕಡತ ಇಳಿಸಿಕೊಳ್ಳುವ ಪ್ರಲೋಭನೆಗೆ ಒಳಗಾಗುತ್ತಾರೆ. ಕದ್ದಾಲಿಸುವ ಉಪಕರಣವನ್ನು ತಾವೇ ಮೇಜಿನ ಮೇಲಿಡುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಈಗ ಬಳಕೆಯಲ್ಲಿರುವ ಆವೃತ್ತಿಯ ಕಡತ, ಅದರ ಪರವಾನಗಿ ಕಡತ, ಸಿದ್ಧತೆಗಳ ನಕಲು ಈ ಮೂರನ್ನೂ ಯಂತ್ರದ ಹೊರಗೆ ಎರಡು ಕಡೆ ಕಾಯ್ದಿಟ್ಟವರಿಗೆ ಆ ಪ್ರಮೇಯ ಬರುವುದಿಲ್ಲ. ಹೊಸ ಫರ್ಮ್‌ವೇರ್ ದೊರೆಯದ ಯಂತ್ರವನ್ನು ಕೂಡಲೇ ಎಸೆಯಬೇಕಾಗಿಯೂ ಇಲ್ಲ. ಅಂತರಜಾಲದ ಸಂಪರ್ಕ ಕಡಿದು, ದೂರದಿಂದ ನಿರ್ವಹಿಸುವ ಮಾರ್ಗವನ್ನು ಮುಚ್ಚಿ, ಪ್ರತ್ಯೇಕ ಧ್ವನಿಜಾಲದಲ್ಲಿ ಇರಿಸಿದರೆ ಬದಲಿ ಯಂತ್ರಕ್ಕೆ ಹಣ ಮಂಜೂರಾಗುವವರೆಗೆ ಅದು ದುಡಿದೀತು.