ಕಿತ್ತಳೆ ಸಾಲಿನ ನಡುವೆ ಸೀಬೆ: ಈ ಮಾತು ಎಲ್ಲಿಂದ ಬಂತು?

ಕಿತ್ತಳೆ ನಡುವೆ ಸೀಬೆ ಹಾಕಿದ್ರೆ ಗ್ರೀನಿಂಗ್ ರೋಗ ಬರಲ್ಲ ಅನ್ನೋ ಮಾತು ನೀವೂ ಕೇಳಿರಬಹುದು. ಸಸಿಗೆ ದುಡ್ಡು ಹಾಕೋ ಮೊದಲು ಅದರ ಹಿನ್ನೆಲೆ ತಿಳಿದಿರೋದು ಒಳ್ಳೇದು.

ಈ ರೋಗ ಹಳೇದು. ಚೀನಾದಲ್ಲಿ ಇದಕ್ಕೆ ಹುವಾಂಗ್‌ಲಾಂಗ್‌ಬಿಂಗ್ ಅಂತಾರೆ. ಎಲೆ ಹಳದಿ ಆಗೋದು ಪೋಷಕಾಂಶದ ಕೊರತೆ, ಬುಡದಲ್ಲಿ ನೀರು ನಿಂತದ್ದರ ದೋಷ ಅಂತ ಬಹಳ ಕಾಲ ನಂಬಿದ್ರು. ಕಸಿ ಮೂಲಕ ಇದು ಹರಡುತ್ತೆ ಅಂತ 1956ರಲ್ಲಿ ಚೀನಾದ ಲಿನ್ ಕುಂಗ್ ಸಿಯಾಂಗ್ ತೋರಿಸಿಕೊಟ್ಟರು. ಸಿಟ್ರಸ್ ಸಿಲ್ಲಾ ಅನ್ನೋ ಸಣ್ಣ ರಸ ಹೀರುವ ಕೀಟ ಇದನ್ನ ಗಿಡದಿಂದ ಗಿಡಕ್ಕೆ ಒಯ್ಯುತ್ತೆ ಅನ್ನೋದು 1960ರ ದಶಕದಲ್ಲಿ ನಮ್ಮ ದೇಶದಲ್ಲೂ ಖಚಿತವಾಯ್ತು. ಕೊಡಗಿನ ಕಿತ್ತಳೆ ಕಡಿಮೆ ಆಗೋಕೆ ಇದೂ ಒಂದು ಕಾರಣ.

ಸೀಬೆಯ ಕಥೆ ಶುರುವಾಗೋದು ವಿಯೆಟ್ನಾಂನ ಮೆಕಾಂಗ್ ನದಿ ಮುಖಜಭೂಮಿಯಲ್ಲಿ. ಅಲ್ಲಿನ ರೈತರು ಕಿತ್ತಳೆ ಜಾತಿ ಗಿಡಗಳ ಜೊತೆ ಸೀಬೆಯನ್ನೂ ಬೆಳೀತಿದ್ರು. ಅಂಥ ತೋಟಗಳಲ್ಲಿ ಸಿಲ್ಲಾ ಕಡಿಮೆ, ಗಿಡ ಹಸಿರಾಗಿ ಉಳಿದಿರೋದು ಕಣ್ಣಿಗೆ ಬಿತ್ತು. 2000ದ ನಂತರ ವಿಯೆಟ್ನಾಂ, ಜಪಾನ್, ಆಸ್ಟ್ರೇಲಿಯಾದ ಸಂಶೋಧಕರು ಅದರ ಬೆನ್ನು ಹತ್ತಿದರು. ಸೀಬೆ ಎಲೆಗೆ ಗಾಯವಾದಾಗ ಗಂಧಕ ಇರುವ ಒಂದು ವಾಸನೆ ಹೊರಡುತ್ತೆ, ಡೈಮೀಥೈಲ್ ಡೈಸಲ್ಫೈಡ್ ಅಂತ. ಅದು ಸಿಲ್ಲಾಗೆ ಆಗಿಬರಲ್ಲ ಅಂತ ಪ್ರಯೋಗಾಲಯದಲ್ಲಿ ಕಂಡುಬಂತು.

2005ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ರೋಗ ಪತ್ತೆಯಾಯ್ತು. 2003–04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಕೊಟ್ಟಿದ್ದ ರಾಜ್ಯ 2022–23ರಲ್ಲಿ ಒಂದೂವರೆ ಕೋಟಿ ಚಿಲ್ಲರೆಗೆ ಇಳೀತು. ಚಂಡಮಾರುತಗಳ ಪಾಲೂ ಇದೆ, ಆದ್ರೆ ದೊಡ್ಡ ಪೆಟ್ಟು ರೋಗದ್ದೇ. ಅವರೂ ಸೀಬೆ ಹಾಕಿ ನೋಡಿದ್ರು, ವಿಯೆಟ್ನಾಂನಷ್ಟು ಫಲ ಸಿಗಲಿಲ್ಲ. ಮುಂದೆ ವಿಯೆಟ್ನಾಂನಲ್ಲೇ ನಡೆದ ಪ್ರಯೋಗದಲ್ಲೂ ಸುಮಾರು ಒಂದು ವರ್ಷದ ನಂತರ ಸೀಬೆಯ ರಕ್ಷಣೆ ಕುಸೀತು.

ಹಾಗಂತ ಆ ರೈತರು ಕಂಡದ್ದು ಸುಳ್ಳಲ್ಲ. ಸೀಬೆ ಕೀಟವನ್ನ ತಡೆಹಿಡಿಯುತ್ತೆ ಅಷ್ಟೇ, ಗಿಡದೊಳಗೆ ಸೇರಿದ ರೋಗಾಣುವನ್ನ ಏನೂ ಮಾಡಲ್ಲ. ರೋಗವಿರೋ ಸಸಿ ತಂದು ನೆಟ್ರೆ ಸುತ್ತ ಎಷ್ಟು ಸೀಬೆ ಇದ್ರೂ ವ್ಯರ್ಥ.

ಅದಕ್ಕೇ ಮೊದಲು ರೋಗಮುಕ್ತ ಸಸಿ, ಆಮೇಲೆ ಸೀಬೆ. ಚಿಗುರು ಬಂದಾಗಲೆಲ್ಲ ಸಿಲ್ಲಾ ಇದೆಯಾ ನೋಡಿ, ಅದು ಮೊಟ್ಟೆ ಇಡೋದು ಎಳೆ ಚಿಗುರಲ್ಲೇ. ಹಿತ್ತಲ ಕರಿಬೇವಿನ ಮೇಲೂ ಅದು ಬದುಕುತ್ತೆ, ಅಲ್ಲೂ ಕಣ್ಣಿರಲಿ. ರೋಗ ಹಿಡಿದ ಗಿಡ ಕಿತ್ತುಬಿಡಿ. ಸೀಬೆ ಹಾಕಿದವರು ಉದುರಿದ ಹಣ್ಣು ಆರಿಸಿ ಹೂಳಲೇಬೇಕು, ಇಲ್ಲಾಂದ್ರೆ ಸಿಲ್ಲಾ ಓಡಿಸೋಕೆ ಹೋಗಿ ಹಣ್ಣುನೊಣ ಸಾಕಿದ ಹಾಗಾಗುತ್ತೆ.

ನಿಮ್ಮಲ್ಲಿ ಯಾರ ತೋಟದಲ್ಲಾದ್ರೂ ಎರಡೂ ಜೊತೆಗಿದ್ರೆ, ಎಷ್ಟು ವರ್ಷದ ಗಿಡ, ಚಿಗುರು ಹೇಗಿದೆ ಅಂತ ಬರೀರಿ.