ಮಕ್ಕಳ ಜೀವನಾಂಶ ಬಾಕಿ: ಕೊಡದಿದ್ದರೆ ಕಾನೂನಿನ ಕ್ರಮವೇನು?

ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಮಗುವಿನ ಅನ್ನ, ಬಟ್ಟೆ, ವಿದ್ಯೆಗಾಗಿ ಸಾಮರ್ಥ್ಯವುಳ್ಳ ತಂದೆ ಪ್ರತಿ ತಿಂಗಳು ಕೊಡಬೇಕೆಂದು ನ್ಯಾಯಾಲಯ ಗೊತ್ತುಪಡಿಸುವ ಹಣವೇ ಜೀವನಾಂಶ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಇದಕ್ಕೆ ಆಧಾರವಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಆ ಸ್ಥಾನದಲ್ಲಿದೆ. ಹಳೆಯ ಸಂಖ್ಯೆಯನ್ನೇ ಹೇಳುವವರು ಇಂದಿಗೂ ಇದ್ದಾರೆ. ಗಾಬರಿ ಬೇಡ, ಸಾರ ಒಂದೇ. ತಂದೆತಾಯಿಯರು ವಿವಾಹಿತರಲ್ಲದಿದ್ದರೂ ಮಗುವಿನ ಹಕ್ಕಿಗೆ ಕುಂದಿಲ್ಲ.

ಆದೇಶವಾದ ಮೇಲೂ ಸಾಕಷ್ಟು ಕಾರಣವಿಲ್ಲದೆ ಹಣ ಕೊಡದವನ ವಿರುದ್ಧ ಮ್ಯಾಜಿಸ್ಟ್ರೇಟರು, ದಂಡದ ಹಣವನ್ನು ವಸೂಲು ಮಾಡುವ ರೀತಿಯಲ್ಲಿಯೇ, ವಾರಂಟ್ ಹೊರಡಿಸಬಹುದು. ಚರಸ್ವತ್ತು ಜಪ್ತಿಯಾಗಬಹುದು; ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿಯಂತೆಯೂ ವಸೂಲಾಗಬಹುದು. ಆಗಲೂ ಉಳಿದ ಬಾಕಿಗೆ ಒಂದು ತಿಂಗಳವರೆಗಿನ ಸೆರೆವಾಸವುಂಟು. ಹಣ ಸಂದಾಯವಾದರೆ ಬಿಡುಗಡೆ. ಜೈಲಿಗೆ ಹೋಗಿ ಬಂದರೆ ಲೆಕ್ಕ ಚುಕ್ತಾ ಎಂಬ ಮಾತು ನಮ್ಮ ಊರುಗಳಲ್ಲಿ ಕೇಳಿಬರುತ್ತದೆ. ಅದು ತಪ್ಪು. ಸೆರೆ ಎಂಬುದು ವಸೂಲಿಯ ಒಂದು ಮಾರ್ಗವೇ ಹೊರತು ಬಾಕಿಯ ತೀರುವಳಿಯಲ್ಲವೆಂದು ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ತಾಯಂದಿರು ಎಡವುವುದು ಅವಧಿಯ ವಿಷಯದಲ್ಲಿ. ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಮೊತ್ತಕ್ಕೆ ಈ ಕಲಮಿನಡಿ ವಾರಂಟ್ ದೊರೆಯದು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ "ಇಂದಲ್ಲ ನಾಳೆ ಕೊಟ್ಟಾರು" ಎಂದು ಮೂರು ವರ್ಷ ಸುಮ್ಮನಿದ್ದರು. ಅವರು ವಕೀಲರ ಬಳಿ ಹೋಗುವ ವೇಳೆಗೆ ಮೊದಲೆರಡು ವರ್ಷಗಳ ಬಾಕಿಗೆ ಈ ಬಾಗಿಲು ಮುಚ್ಚಿತ್ತು. ಜೀವನಾಂಶದ ಆದೇಶವನ್ನು ಸಿವಿಲ್ ನ್ಯಾಯಾಲಯದ ಹಣದ ಡಿಕ್ರಿಯಂತೆಯೂ ಜಾರಿಗೊಳಿಸಬಹುದೆಂದು 2020ರ ರಜನೀಶ್–ನೇಹಾ ತೀರ್ಪು ಹೇಳಿದೆ. ಜೀವನಾಂಶದ ಡಿಕ್ರಿಯಲ್ಲಿ ಸಂಬಳದ ಮೂರನೆಯ ಒಂದು ಪಾಲಿಗೆ ಮಾತ್ರ ಜಪ್ತಿಯಿಂದ ರಕ್ಷಣೆ.

ಗಡಿನಾಡಿನವರಾದ ನಾವು ಮುಖ್ಯವಾಗಿ ಅರಿಯಬೇಕಾದುದು 147ನೇ ಕಲಮನ್ನು. ತಾಯಿ ಮಗು ಕಾಸರಗೋಡಿನ ತವರಿನಲ್ಲಿ, ತಂದೆ ಮಂಗಳೂರಿನಲ್ಲಿ ಇದ್ದರೆ, ಇಲ್ಲಿನ ಆದೇಶವನ್ನು ಅಲ್ಲಿನ ಮ್ಯಾಜಿಸ್ಟ್ರೇಟರೇ ಜಾರಿಗೊಳಿಸಬಹುದು. ವ್ಯಕ್ತಿ ಅವನೇ ಎಂಬುದೂ ಹಣ ಸಂದಿಲ್ಲವೆಂಬುದೂ ಅವರಿಗೆ ಮನವರಿಕೆಯಾದರೆ ಸಾಕು. ಆದೇಶದ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂಬುದೂ ಅದೇ ಕಲಮಿನಲ್ಲಿದೆ. ಹೊಸದಾಗಿ ಜೀವನಾಂಶ ಕೋರುವುದಿದ್ದರೆ, ಪತ್ನಿ ವಾಸವಿರುವ ಜಿಲ್ಲೆಯಲ್ಲಿಯೇ ದಾವೆ ಹೂಡಲು 145ನೇ ಕಲಮು ಅವಕಾಶ ಕೊಡುತ್ತದೆ.

ನಿಜವಾಗಿಯೂ ವರಮಾನ ಕುಸಿದ ತಂದೆಗೂ ದಾರಿಯಿದೆ: ಮೊತ್ತ ಬದಲಿಸಲು 146ನೇ ಕಲಮಿನಡಿ ಅರ್ಜಿ. ತಾನಾಗಿಯೇ ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ.

ಮಹಿಳೆಯರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಉಚಿತ ವಕೀಲರು ದೊರೆಯುತ್ತಾರೆ, ಸಹಾಯವಾಣಿ 15100. ಆದೇಶದ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಯಾವ ಯಾವ ತಿಂಗಳ ಹಣ ಬಂದಿಲ್ಲವೆಂಬ ಪಟ್ಟಿ ಜೊತೆಗಿರಲಿ. ಅರ್ಜಿ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ಸಿದ್ಧವಾಗಿದ್ದರೆ, ಅದನ್ನು ಕನ್ನಡದಲ್ಲಿ ಪೂರ್ತಿ ಹೇಳಿಸಿಕೊಂಡ ಬಳಿಕವೇ ಸಹಿ ಹಾಕಿ.